ಕಳೆದುಕೊಂಡವರನ್ನೇ ಹುಡುಕಿ ಬರುವವರು

ವ್ಯವಹಾರದಲ್ಲಿ ನಡೆಯುವ ಮೋಸಗಳಲ್ಲಿ ಎರಡು ಬಗೆಗಳಿವೆ. ಏನೂ ಅರಿಯದವನನ್ನು ಮೊದಲ ಬಾರಿಗೆ ವಂಚಿಸುವುದು ಒಂದು ಬಗೆ. ಈಗಾಗಲೇ ಹಣ ಹಾಕಿ ಸಿಕ್ಕಿಕೊಂಡವನ ಬಳಿಗೆ ಸಹಾಯಕನ ವೇಷದಲ್ಲಿ ಬಂದು, ಬಿಡಿಸುತ್ತೇನೆಂದು ನಂಬಿಸಿ, ಉಳಿದದ್ದನ್ನೂ ಕಸಿದುಕೊಂಡು ಹೋಗುವುದು ಇನ್ನೊಂದು ಬಗೆ. ಮೊದಲನೆಯದರ ಬಗ್ಗೆ ನಮ್ಮ ಮನೆಗಳಲ್ಲಿ, ಮಸೀದಿಯ ಅಂಗಳದಲ್ಲಿ ಬೇಕಾದಷ್ಟು ಮಾತು ನಡೆಯುತ್ತದೆ. ಎರಡನೆಯದರ ಬಗ್ಗೆ ಯಾರೂ ಮಾತನಾಡುವುದಿಲ್ಲ. ಏಕೆಂದರೆ ಅದಕ್ಕೆ ಬಲಿಯಾದವರು ಬಾಯಿ ಬಿಡುವುದಿಲ್ಲ. ಟೈಮ್‌ಶೇರ್ ಕೊಂಡವರನ್ನು ಗುರಿಯಾಗಿಸಿ ನಡೆಯುತ್ತಿರುವ ವಂಚನೆಯು ಈ ಎರಡನೆಯ ಬಗೆಗೆ ಸೇರಿದ್ದು. ಅದು ಹೇಗೆ ನಡೆಯುತ್ತದೆ, ಅದನ್ನು ಗುರುತಿಸುವುದು ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಟೈಮ್‌ಶೇರ್ ಎಂದರೇನು?

ಟೈಮ್‌ಶೇರ್ ಎಂದರೆ ಸಮಯದ ಪಾಲು. ಪ್ರವಾಸಿ ತಾಣದಲ್ಲಿರುವ ಒಂದು ವಸತಿಯನ್ನು ಪೂರ್ತಿಯಾಗಿ ಕೊಳ್ಳದೆ, ವರ್ಷದಲ್ಲಿ ಒಂದು ವಾರ ಅದನ್ನು ಬಳಸುವ ಹಕ್ಕನ್ನು ಮಾತ್ರ ಕೊಳ್ಳುವುದು. ಹೀಗೆ ಒಂದೇ ಕೋಣೆಯನ್ನು ಐವತ್ತು ಕುಟುಂಬಗಳಿಗೆ ಮಾರಬಹುದು. 1960ರ ದಶಕದಲ್ಲಿ ಯುರೋಪಿನಲ್ಲಿ ಆರಂಭವಾದ ಈ ಪದ್ಧತಿ ಅಮೆರಿಕಾದಲ್ಲಿ ದೊಡ್ಡ ಉದ್ಯಮವಾಗಿ ಬೆಳೆಯಿತು. ನಮ್ಮ ದೇಶಕ್ಕೆ ಬಂದದ್ದು 1980ರ ದಶಕದ ಕೊನೆಯ ಭಾಗದಲ್ಲಿ. ಊಟಿ, ಕೊಡೈಕೆನಾಲ್, ಮುನ್ನಾರ್, ಗೋವಾ, ಕೊಡಗು ಮುಂತಾದೆಡೆ ಇಂತಹ ರೆಸಾರ್ಟುಗಳಿವೆ. ಇಲ್ಲಿ ಸಾಮಾನ್ಯವಾಗಿ 'ಹಾಲಿಡೇ ಮೆಂಬರ್‌ಶಿಪ್' ಎಂಬ ಹೆಸರಿನಲ್ಲಿ ಹತ್ತು, ಇಪ್ಪತ್ತೈದು ವರ್ಷಗಳ ಅವಧಿಗೆ ಮಾರುತ್ತಾರೆ. ಮೊದಲು ಕೊಡುವ ಲಕ್ಷಗಳಲ್ಲದೆ ಪ್ರತಿ ವರ್ಷವೂ ನಿರ್ವಹಣಾ ಶುಲ್ಕ ಕಟ್ಟಬೇಕು. ಆ ಶುಲ್ಕ ವರ್ಷದಿಂದ ವರ್ಷಕ್ಕೆ ಏರುತ್ತದೆ.

ಈ ಒಪ್ಪಂದವೇ ಮೋಸವೆಂದು ನಾನು ಹೇಳುತ್ತಿಲ್ಲ. ಒಂದು ಸೊತ್ತಿನ ಪ್ರಯೋಜನವನ್ನು ಕಾಲದ ಲೆಕ್ಕದಲ್ಲಿ ಹಂಚಿಕೊಳ್ಳುವುದು ನಮ್ಮ ಕರ್ಮಶಾಸ್ತ್ರಕ್ಕೆ ಹೊಸದೇನೂ ಅಲ್ಲ. 'ಮುಹಾಯಆ' ಎಂಬ ಹೆಸರಿನಲ್ಲಿ ಹಳೆಯ ಫಿಕ್‌ಹ್ ಗ್ರಂಥಗಳಲ್ಲೇ ಅದರ ಚರ್ಚೆಯಿದೆ. ಇಬ್ಬರು ಪಾಲುದಾರರು ಒಂದು ಮನೆಯನ್ನು ಸರದಿಯಂತೆ ಬಳಸುವುದು ಅದಕ್ಕೆ ಉದಾಹರಣೆ. ಯಾವ ಕೋಣೆ, ಯಾವ ದಿನ, ಎಷ್ಟು ಹಣ, ಎಷ್ಟು ವರ್ಷ ಎಂಬುದೆಲ್ಲ ಸ್ಪಷ್ಟವಾಗಿದ್ದರೆ ಅದು ಒಂದು ಬಗೆಯ ಬಾಡಿಗೆ ಒಪ್ಪಂದ. ತಕರಾರು ಇರುವುದು ಮಾರುವ ರೀತಿಯಲ್ಲಿ.

ಆ ರೀತಿಯನ್ನು ಹೆಚ್ಚಿನವರು ಕಂಡಿದ್ದೀರಿ. ಮಾಲಿನಲ್ಲೋ ಪೆಟ್ರೋಲ್ ಬಂಕಿನಲ್ಲೋ ವಸ್ತುಪ್ರದರ್ಶನದಲ್ಲೋ ಒಬ್ಬ ಯುವಕ ಕೂಪನ್ ತುಂಬಿಸಿಕೊಳ್ಳುತ್ತಾನೆ. ವಾರದೊಳಗೆ ಫೋನು ಬರುತ್ತದೆ: ನಿಮಗೆ ಬಹುಮಾನ ಬಂದಿದೆ, ಇಂತಹ ಹೋಟೆಲಿಗೆ ಭಾನುವಾರ ಬನ್ನಿ, ಪತ್ನಿಯನ್ನು ಕರೆದುಕೊಂಡೇ ಬರಬೇಕು. ಗಂಡ-ಹೆಂಡತಿ ಇಬ್ಬರೂ ಬರಬೇಕೆಂಬ ಷರತ್ತು ಏಕೆಂದು ಯೋಚಿಸಿದ್ದೀರಾ? 'ಮನೆಯಲ್ಲಿ ಕೇಳಿ ಹೇಳುತ್ತೇನೆ' ಎಂಬ ಒಂದು ಮಾತು ಎಷ್ಟೋ ಮೋಸಗಳಿಂದ ನಮ್ಮನ್ನು ಪಾರು ಮಾಡುತ್ತದೆ. ಆ ಬಾಗಿಲನ್ನು ಮೊದಲೇ ಮುಚ್ಚಿಬಿಡಲು ಈ ಷರತ್ತು. ಎರಡು ಮೂರು ಗಂಟೆ ಕೂರಿಸಿ, ಈ ಬೆಲೆ ಇವತ್ತಿಗೆ ಮಾತ್ರ ಎಂದು ಒತ್ತಾಯಿಸಿ, ಅಲ್ಲೇ ಕಾರ್ಡು ಉಜ್ಜಿಸಿಕೊಳ್ಳುತ್ತಾರೆ. ಗಲ್ಫಿನಲ್ಲಿರುವ ನಮ್ಮವರಿಗೂ ಇದೇ ಅನುಭವ. ಅಲ್ಲಿ ಹೋಟೆಲು ಇನ್ನಷ್ಟು ದೊಡ್ಡದು, ಅಷ್ಟೆ. ಹಳ್ಳಿಯಿಂದ ಸರಕು ತರುವವರನ್ನು ಪೇಟೆ ತಲುಪುವ ಮುನ್ನವೇ ದಾರಿಯಲ್ಲಿ ತಡೆದು, ಬೆಲೆ ತಿಳಿಯದ ಸ್ಥಿತಿಯಲ್ಲಿ ವ್ಯಾಪಾರ ಮುಗಿಸಿಬಿಡುವುದನ್ನು ಪ್ರವಾದಿ(ಸ)ರು ವಿರೋಧಿಸಿದ್ದರು. ಹಾಗೆ ಮಾರಿದವನು ಪೇಟೆಗೆ ಬಂದ ಬಳಿಕ ವ್ಯಾಪಾರವನ್ನು ಮುರಿಯುವ ಹಕ್ಕು ಪಡೆದಿರುತ್ತಾನೆಂದೂ ಹದೀಸ್‌ನಲ್ಲಿದೆ. ಬೆಲೆ ವಿಚಾರಿಸಲು ಬಿಡದೆ ಮಾಡಿದ ವ್ಯಾಪಾರ ಎರಡೂ ಕಡೆ ಒಂದೇ.

ಮಾರಲು ಹೊರಟಾಗ

ಐದಾರು ವರ್ಷ ಕಳೆಯುತ್ತದೆ. ಮಕ್ಕಳ ರಜೆಗೆ ಕೋಣೆ ಸಿಗುವುದಿಲ್ಲ, ಸಿಗುವ ದಿನಗಳಲ್ಲಿ ಶಾಲೆಯಿರುತ್ತದೆ. ವಾರ್ಷಿಕ ಶುಲ್ಕ ಮಾತ್ರ ತಪ್ಪದೆ ಬರುತ್ತದೆ. ಇದನ್ನು ಯಾರಿಗಾದರೂ ಮಾರಿಬಿಡೋಣ ಎಂದು ಕೊಂಡವನಿಗೆ ಅನಿಸುತ್ತದೆ. ಇಲ್ಲಿ ಒಂದು ಸತ್ಯವನ್ನು ಚೆನ್ನಾಗಿ ಮನದಟ್ಟು ಮಾಡಿಕೊಳ್ಳಬೇಕು. ಉಳಿದ ಎಲ್ಲ ಎಚ್ಚರಿಕೆಗಳೂ ಇದರಿಂದಲೇ ಹುಟ್ಟುತ್ತವೆ. ಬಳಸಿದ ಟೈಮ್‌ಶೇರಿಗೆ ಪೇಟೆಯಲ್ಲಿ ಬೆಲೆಯೇ ಇಲ್ಲವೆನ್ನುವಷ್ಟು ಕಡಿಮೆ. ನೀವು ಕೊಟ್ಟ ಹಣದಲ್ಲಿ ದೊಡ್ಡ ಭಾಗ ಆ ಹೋಟೆಲಿನ ಸಭೆಗೆ, ಉಡುಗೊರೆಗೆ, ಮಾರಿದವರ ಕಮಿಷನ್ನಿಗೆ ಹೋಗಿಬಿಟ್ಟಿರುತ್ತದೆ. ಅಮೆರಿಕಾದಲ್ಲಿ ಸಾವಿರಾರು ಡಾಲರ್ ಕೊಟ್ಟು ಕೊಂಡ ವಾರಗಳನ್ನು ಜನ ಒಂದು ಡಾಲರಿಗೆ ಮಾರಾಟಕ್ಕಿಡುತ್ತಾರೆ. ಆಗಲೂ ಕೊಳ್ಳುವವರು ಸಿಗುವುದು ಕಷ್ಟ. ಏಕೆಂದರೆ ಕೊಳ್ಳುವವನು ವಾರ್ಷಿಕ ಶುಲ್ಕದ ಹೊರೆಯನ್ನೂ ಹೊರಬೇಕು. ಹೀಗಿರುವಾಗ, ಯಾರೋ ಅಪರಿಚಿತರು ತಾವಾಗಿಯೇ ಫೋನು ಮಾಡಿ, ನೀವು ಕೊಟ್ಟದ್ದಕ್ಕಿಂತ ಹೆಚ್ಚಿನ ಬೆಲೆಗೆ ಗಿರಾಕಿ ಸಿದ್ಧನಿದ್ದಾನೆ ಎಂದರೆ ಅದು ಸುಳ್ಳಾಗಿರಲೇಬೇಕು. ಮುಂದಿನ ಮಾತು ಕೇಳುವ ಅಗತ್ಯವೇ ಇಲ್ಲ.

ಆದರೆ ಜನ ಕೇಳುತ್ತಾರೆ. ಏಕೆಂದರೆ ಫೋನು ಮಾಡಿದವನಿಗೆ ಎಲ್ಲವೂ ಗೊತ್ತಿರುತ್ತದೆ. ನಿಮ್ಮ ಹೆಸರು, ಸದಸ್ಯತ್ವ ಸಂಖ್ಯೆ, ಕೊಂಡ ವರ್ಷ, ಕೊಟ್ಟ ಹಣ, ಉಳಿದ ವರ್ಷಗಳು. ಇಷ್ಟೆಲ್ಲ ಗೊತ್ತಿರುವವನು ಕಂಪೆನಿಯವನೇ ಇರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ವಾಸ್ತವದಲ್ಲಿ ಸದಸ್ಯರ ಪಟ್ಟಿಗಳು ಮಾರಾಟವಾಗುತ್ತವೆ. ಒಳಗಿನ ನೌಕರರೇ ಹಣ ಪಡೆದು ಕೊಡುವುದೂ ಉಂಟು. ನಮ್ಮ ವಿವರ ಒಬ್ಬನಿಗೆ ತಿಳಿದಿದೆ ಎಂಬುದು ಅವನ ಪ್ರಾಮಾಣಿಕತೆಗೆ ಸಾಕ್ಷಿಯಲ್ಲ. ಅಷ್ಟಕ್ಕೂ ಕಳ್ಳನಿಗೂ ನಮ್ಮ ಮನೆಯ ವಿಳಾಸ ಗೊತ್ತಿರುತ್ತದೆ.

ಮದ್ರಸದಲ್ಲಿ ಪಾಠ ಹೇಳುವವನಿಗೆ ಊರವರ ಕಾಗದ ಪತ್ರಗಳನ್ನು ಓದಿ ಹೇಳುವ ಕೆಲಸವೂ ಬಂದು ಸೇರುತ್ತದೆ. ಹಾಗೆ ನನ್ನ ಬಳಿಗೆ ಬಂದ ಒಂದು ಕಟ್ಟು ಕಾಗದದ ಬಗ್ಗೆ ಹೇಳುತ್ತೇನೆ. ತಂದವರು ಊರಿನ ಒಬ್ಬ ಹಾಜಿಯವರು. ಇಪ್ಪತ್ತೆರಡು ವರ್ಷ ಸೌದಿಯಲ್ಲಿ ದುಡಿದು ಬಂದವರು. ಸದಸ್ಯತ್ವ ಮಾರಿಸಿಕೊಡುತ್ತೇವೆಂದು ದಿಲ್ಲಿಯ ಒಂದು ಸಂಸ್ಥೆಯ ಹೆಸರಿನಲ್ಲಿ ಅವರಿಗೆ ಕರೆ ಬಂದಿತ್ತು. ಮೊದಲ ಕಾಗದದಲ್ಲಿ ನಾಲ್ಕು ಲಕ್ಷದ ಹತ್ತು ಸಾವಿರಕ್ಕೆ ಗಿರಾಕಿ ಇರುವ ವಿಚಾರ, ನೋಂದಣಿಗೆ ಹದಿನೆಂಟು ಸಾವಿರ ಕಟ್ಟಬೇಕೆಂಬ ಸೂಚನೆ. ಅದು ಮರಳಿ ಸಿಗುವ ಹಣವಂತೆ. ಎರಡನೆಯದರಲ್ಲಿ ಜಿಎಸ್‌ಟಿ ಎಂದು ಎಪ್ಪತ್ತಮೂರು ಸಾವಿರದ ಎಂಟುನೂರು. ನಾಲ್ಕು ಲಕ್ಷದ ಹತ್ತು ಸಾವಿರಕ್ಕೆ ಶೇಕಡಾ 18 ಲೆಕ್ಕ ಹಾಕಿದರೆ ಸರಿಯಾಗಿ ಅಷ್ಟೇ ಆಗುತ್ತದೆ. ಲೆಕ್ಕದಲ್ಲಿ ಮಾತ್ರ ಅವರು ಪ್ರಾಮಾಣಿಕರು! ಮೂರನೆಯದು ಟಿಡಿಎಸ್ ಬಾಬ್ತು ನಲವತ್ತೊಂದು ಸಾವಿರ ಕಟ್ಟಿದ ಒಂದು ಗಂಟೆಯೊಳಗೆ ಪೂರ್ತಿ ಹಣ ಖಾತೆಗೆ ಬರುತ್ತದೆಂಬ ಪತ್ರ. ಅದರ ಮೇಲೆ ರಿಸರ್ವ್ ಬ್ಯಾಂಕಿನ ಮುದ್ರೆಯಂತೆ ಕಾಣುವ ಒಂದು ಚಿತ್ರ.

"ಉಸ್ತಾದರೇ, ಇದೊಂದು ಕಟ್ಟಿಬಿಟ್ಟರೆ ಆಯಿತಲ್ಲ? ಮೊದಲಿನ ತೊಂಬತ್ತೊಂದು ಸಾವಿರವೂ ಅದರ ಜೊತೆಗೇ ಬರುತ್ತದಂತೆ" ಎಂದು ಅವರು ಕೇಳಿದರು.

ಆ ಪ್ರಶ್ನೆಯಲ್ಲೇ ಈ ವಂಚನೆಯ ಇಡೀ ಯಂತ್ರ ಅಡಗಿದೆ. ಮೊದಲ ಕಂತು ಕೊಟ್ಟದ್ದು ಲಾಭದ ಆಸೆಗೆ. ಎರಡನೆಯ ಕಂತು, ಕೊಟ್ಟದ್ದನ್ನು ಉಳಿಸಿಕೊಳ್ಳಲು. ಮೂರನೆಯದಕ್ಕೆ ಬರುವಾಗ ಮನುಷ್ಯ ತನ್ನ ಹಣದ ಹಿಂದೆ ತಾನೇ ಓಡುತ್ತಿರುತ್ತಾನೆ. ಮೋಸ ಎಂದು ಒಳಗೊಳಗೇ ಅನಿಸಿದರೂ ಒಪ್ಪಿಕೊಳ್ಳಲಾರ. ಒಪ್ಪಿಕೊಂಡ ಕ್ಷಣ ಹಿಂದೆ ಕೊಟ್ಟದ್ದೆಲ್ಲ ಹೋಯಿತೆಂದು ಒಪ್ಪಿದಂತೆ. ಹಾಜಿಯವರು ಮೂರನೆಯ ಕಂತು ಕಟ್ಟಲಿಲ್ಲ. ಆದರೆ ಕೊಟ್ಟ ತೊಂಬತ್ತೊಂದು ಸಾವಿರದ ಎಂಟುನೂರು ಮರಳಿ ಬರಲಿಲ್ಲ. ಪತ್ನಿಯನ್ನು ಉಮ್ರಾಕ್ಕೆ ಕರೆದೊಯ್ಯಲೆಂದು ತೆಗೆದಿಟ್ಟ ಹಣವದು. ದೂರು ಕೊಡುವಾಗ ಎರಡು ತಿಂಗಳಾಗಿತ್ತು. ಹಣ ಹೋದ ಖಾತೆಗಳೆಲ್ಲ ಬರಿದಾಗಿದ್ದವು.

ಆ ಮೂರು ಕಾಗದಗಳನ್ನು ತಾಳ್ಮೆಯಿಂದ ಪರಿಶೀಲಿಸೋಣ. ನಿಜವಾದ ದಲ್ಲಾಳಿಯು ತನ್ನ ಕಮಿಷನನ್ನು ವ್ಯಾಪಾರ ಕುದುರಿದ ಮೇಲೆ, ಬಂದ ಹಣದಿಂದ ಪಡೆಯುತ್ತಾನೆ. ಹೊಲ ಮಾರುವಾಗ, ಮನೆ ಮಾರುವಾಗ ನಾವು ಕಂಡಿರುವುದು ಇದನ್ನೇ. ಮಾರುವವನಿಂದಲೇ ಮುಂಗಡ ಕೇಳುವವನ ಆದಾಯ ಆ ಮುಂಗಡವೇ. ವ್ಯಾಪಾರ ಅವನಿಗೆ ಬೇಕಾಗಿಲ್ಲ. ಟಿಡಿಎಸ್ ಎಂಬುದರ ಅರ್ಥವೇ ಮೂಲದಲ್ಲಿ ಕಡಿತ. ಹಣ ಕೊಡುವವನು ಅದನ್ನು ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾನೆ. ಹಣ ಪಡೆಯುವವನು ತನ್ನ ಕಿಸೆಯಿಂದ ಮೊದಲು ಕಟ್ಟುವ ಟಿಡಿಎಸ್ ಎಂಬುದು ಎಲ್ಲೂ ಇಲ್ಲ. ತೆರಿಗೆ ಯಾವುದೇ ಇರಲಿ, ಅದು ಸರಕಾರದ ಖಜಾನೆಗೆ ಹೋಗುತ್ತದೆ, ಯಾವನೋ ವ್ಯಕ್ತಿಯ ಉಳಿತಾಯ ಖಾತೆಗಲ್ಲ. ಜಿಎಸ್‌ಟಿ ಬಿಲ್ಲಿನಲ್ಲಿ ಹದಿನೈದು ಅಕ್ಷರ-ಅಂಕೆಗಳ ನೋಂದಣಿ ಸಂಖ್ಯೆ ಇರಬೇಕು. ಅದು ಯಾರದ್ದೆಂದು ಸರಕಾರದ ಜಿಎಸ್‌ಟಿ ಜಾಲತಾಣದಲ್ಲಿ ಎರಡು ನಿಮಿಷದಲ್ಲಿ ನೋಡಬಹುದು. ಇನ್ನು ರಿಸರ್ವ್ ಬ್ಯಾಂಕು. ಅದು ಖಾಸಗಿ ವ್ಯಕ್ತಿಗಳ ಮಾರಾಟದ ಹಣವನ್ನು ತಡೆಹಿಡಿಯುವುದೂ ಇಲ್ಲ, ಬಿಡುಗಡೆ ಮಾಡಲು ಶುಲ್ಕ ಕೇಳುವುದೂ ಇಲ್ಲ. 'ಹಣ ಕೊಟ್ಟರೆ ಹಣ ಬಿಡುತ್ತೇವೆ' ಎಂಬ ವಾಕ್ಯ ಯಾವ ಮುದ್ರೆಯ ಕೆಳಗಿದ್ದರೂ ಅದು ವಂಚಕನ ವಾಕ್ಯ.

ಮೆಕ್ಸಿಕೊದಿಂದ ಬರುವ ಕರೆಗಳು

ಇದು ನಮ್ಮ ದೇಶದ ಸಣ್ಣ ಪುಟ್ಟ ಠಕ್ಕರ ಕೆಲಸವೆಂದು ಯಾರೂ ತಿಳಿಯಬಾರದು. ಇದರ ಹಿಂದೆ ಎಂತಹ ಕೈಗಳಿರಬಹುದೆಂಬುದಕ್ಕೆ ಎರಡು ಉದಾಹರಣೆಗಳನ್ನು ಕೊಡುತ್ತೇನೆ.

ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದಲ್ಲಿ ಜಾನ್ ಪಾಮರ್ ಎಂಬ ಬ್ರಿಟಿಷ್ ಪ್ರಜೆ ಟೈಮ್‌ಶೇರ್ ವ್ಯಾಪಾರದಿಂದ ಭಾರೀ ಶ್ರೀಮಂತನಾಗಿದ್ದ. ನಿಮ್ಮ ಹಳೆಯ ವಾರವನ್ನು ಲಾಭಕ್ಕೆ ಮಾರಿಕೊಡುತ್ತೇವೆ, ಅದಕ್ಕಾಗಿ ಮೊದಲು ನಮ್ಮಲ್ಲಿ ಹೊಸದೊಂದನ್ನು ಕೊಳ್ಳಿ ಎಂಬುದು ಅವನ ಜನ ಬಳಸುತ್ತಿದ್ದ ತಂತ್ರ. ಹೊಸದು ತಗಲಿಕೊಂಡಿತು, ಹಳೆಯದು ಮಾರಾಟವಾಗಲಿಲ್ಲ. ಸಾವಿರಾರು ಮಂದಿ, ಅವರಲ್ಲಿ ಬಹಳಷ್ಟು ನಿವೃತ್ತರು, ಹೀಗೆ ಎರಡು ಹೊರೆ ಹೊತ್ತರು. 2001ರಲ್ಲಿ ಲಂಡನ್ನಿನ ನ್ಯಾಯಾಲಯ ಅವನಿಗೆ ಎಂಟು ವರ್ಷಗಳ ಸೆರೆವಾಸ ವಿಧಿಸಿತು. 2015ರಲ್ಲಿ ತನ್ನ ಮನೆಯಲ್ಲೇ ಅವನು ಗುಂಡೇಟಿಗೆ ಬಲಿಯಾದ.

ಎರಡನೆಯದು ಮೆಕ್ಸಿಕೊದ ಪಶ್ಚಿಮ ಕರಾವಳಿಯ ಪೋರ್ಟೊ ವಲ್ಯಾರ್ತಾ ಪಟ್ಟಣದ್ದು. ಅಮೆರಿಕಾ ಮತ್ತು ಕೆನಡಾದ ಸಹಸ್ರಾರು ಮಂದಿ ಅಲ್ಲಿ ಟೈಮ್‌ಶೇರ್ ಹೊಂದಿದ್ದಾರೆ. ಮಾದಕ ವಸ್ತುಗಳ ಸಾಗಾಟಕ್ಕೆ ಕುಖ್ಯಾತವಾದ ಹಲಿಸ್ಕೊ ನ್ಯೂ ಜನರೇಶನ್ ಎಂಬ ಪಾತಕಿ ಕೂಟವು 2012ರ ಸುಮಾರಿಗೆ ಈ ವಂಚನಾಜಾಲವನ್ನು ವಶಪಡಿಸಿಕೊಂಡಿತೆಂದು ಅಮೆರಿಕಾದ ಖಜಾನೆ ಇಲಾಖೆ ಹೇಳುತ್ತದೆ. ರೆಸಾರ್ಟುಗಳ ಒಳಗಿನವರಿಗೆ ಲಂಚ ಕೊಟ್ಟು ಸದಸ್ಯರ ವಿವರ ಪಡೆಯುವುದು, ನಿರರ್ಗಳವಾಗಿ ಇಂಗ್ಲಿಷ್ ಮಾತನಾಡುವ ಯುವಕರನ್ನು ಕಾಲ್ ಸೆಂಟರಿನಲ್ಲಿ ಕೂರಿಸಿ ಅಮೆರಿಕಾದ ವೃದ್ಧ ದಂಪತಿಗಳಿಗೆ ಫೋನು ಮಾಡಿಸುವುದು, ಗಿರಾಕಿ ಸಿಕ್ಕಿದ್ದಾನೆ ಎಂದು ನಂಬಿಸಿ ತೆರಿಗೆ ಹಾಗೂ ಶುಲ್ಕಗಳ ಹೆಸರಿನಲ್ಲಿ ಹಣವನ್ನು ಮೆಕ್ಸಿಕೊದ ಬ್ಯಾಂಕುಗಳಿಗೆ ತರಿಸುವುದು ಅದರ ಕ್ರಮ. ಅಮೆರಿಕಾದ ತನಿಖಾ ಸಂಸ್ಥೆ ಎಫ್‌ಬಿಐಯ ಲೆಕ್ಕದಂತೆ 2019ರಿಂದ 2023ರವರೆಗೆ ಸುಮಾರು 6,000 ಅಮೆರಿಕನ್ನರು ಹೀಗೆ ಹತ್ತಿರ ಹತ್ತಿರ 30 ಕೋಟಿ ಡಾಲರ್ ಕಳೆದುಕೊಂಡಿದ್ದಾರೆ. ಇದು ದೂರು ಕೊಟ್ಟವರ ಲೆಕ್ಕ ಮಾತ್ರ. 2024ರ ಜುಲೈ ತಿಂಗಳಲ್ಲಿ ಅಲ್ಲಿನ ಸರಕಾರವು ಈ ಜಾಲಕ್ಕೆ ಲೆಕ್ಕ ಬರೆಯುತ್ತಿದ್ದ ಮೆಕ್ಸಿಕೊದ ಲೆಕ್ಕಿಗರ ಮೇಲೆಯೇ ನಿರ್ಬಂಧ ಹೇರಿತು; ಬ್ಯಾಂಕುಗಳಿಗೂ ಎಚ್ಚರಿಕೆ ನೀಡಿತು.

ಆ ಫೋನಿನ ಇನ್ನೊಂದು ತುದಿಯಲ್ಲಿ ಕುಳಿತವರ ಗತಿಯೇನು? 2023ರಲ್ಲಿ ಗ್ವಾದಲಹಾರಾ ನಗರದ ಪಕ್ಕದಲ್ಲಿ ಇಂತಹದೇ ಕಾಲ್ ಸೆಂಟರಿನ ಎಂಟು ಯುವ ಕೆಲಸಗಾರರು ಕಾಣೆಯಾಗಿ, ಬಳಿಕ ಅವರ ದೇಹದ ತುಂಡುಗಳು ಚೀಲಗಳಲ್ಲಿ ಸಿಕ್ಕಿದವು. ಕೆಲಸ ಬಿಡಲು ಹೊರಟದ್ದೇ ಅವರ ಅಪರಾಧವೆಂದು ಅಮೆರಿಕಾದ ಅಧಿಕಾರಿಗಳು ಹೇಳಿದರು. ಇದನ್ನು ಇಲ್ಲಿ ಬರೆಯಲು ಕಾರಣವಿದೆ. ಇಂಗ್ಲಿಷ್ ಬರುವ ನಮ್ಮ ಹುಡುಗರಿಗೂ 'ಕಾಲ್ ಸೆಂಟರ್ ಕೆಲಸ, ಒಳ್ಳೆಯ ಸಂಬಳ' ಎಂಬ ಆಹ್ವಾನಗಳು ಬರುತ್ತಿವೆ. ಮ್ಯಾನ್ಮಾರ್, ಕಾಂಬೋಡಿಯಾಗಳಿಗೆ ಹೀಗೆ ಹೋಗಿ ವಂಚನೆಯ ಕೆಲಸಕ್ಕೆ ಒತ್ತೆಯಾಳುಗಳಂತೆ ಸಿಕ್ಕಿಬಿದ್ದ ಭಾರತೀಯರಲ್ಲಿ ಐನೂರಕ್ಕೂ ಹೆಚ್ಚು ಮಂದಿಯನ್ನು 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ಮಗ ಯಾವ ಕೆಲಸ ಮಾಡುತ್ತಾನೆ, ಆ ಸಂಬಳ ಯಾರ ಕಣ್ಣೀರಿನಿಂದ ಬರುತ್ತದೆ ಎಂದು ಕೇಳುವ ಹಕ್ಕು ತಂದೆ ತಾಯಿಗೆ ಇದೆ; ಕೇಳುವ ಹೊಣೆಯೂ ಇದೆ.

ಬಿಡಿಸಿಕೊಡುವೆನೆಂದು ಬರುವ ಮೂರನೆಯವನು

ಹಣ ಹೋಯಿತು, ಮನುಷ್ಯ ಸುಮ್ಮನಾದ. ಆರು ತಿಂಗಳ ಬಳಿಕ ಮತ್ತೆ ಫೋನು. ಈ ಸಲ ಮಾತನಾಡುವವನು ವಕೀಲ, ಅಥವಾ ಪೊಲೀಸು, ಅಥವಾ ನ್ಯಾಯಾಲಯದ ಅಧಿಕಾರಿ. 'ನಿಮ್ಮನ್ನು ವಂಚಿಸಿದವರು ಸಿಕ್ಕಿಬಿದ್ದಿದ್ದಾರೆ, ಅವರಿಂದ ವಶಪಡಿಸಿಕೊಂಡ ಹಣದಲ್ಲಿ ನಿಮ್ಮ ಪಾಲು ಇದೆ, ಅರ್ಜಿ ಶುಲ್ಕ ಕಟ್ಟಿ.' ಇವನು ಆ ಹಳೆಯ ಗುಂಪಿನವನೇ ಆಗಿರುತ್ತಾನೆ, ಇಲ್ಲವೇ ಅವರಿಂದ ಪಟ್ಟಿ ಕೊಂಡವನಾಗಿರುತ್ತಾನೆ. ಒಮ್ಮೆ ಕೊಟ್ಟವನು ಮತ್ತೊಮ್ಮೆಯೂ ಕೊಡುತ್ತಾನೆಂಬುದು ಅವರ ಅನುಭವ. ಆದುದರಿಂದ ಮೋಸ ಹೋದವರ ಪಟ್ಟಿಗೆ ಅವರ ಲೋಕದಲ್ಲಿ ಬೆಲೆ ಹೆಚ್ಚು. ಮೆಕ್ಸಿಕೊದ ಜಾಲವಂತೂ ನಿರ್ಬಂಧ ಹೇರಿದ ಅಮೆರಿಕಾದ ಸರಕಾರಿ ಕಚೇರಿಯ ಹೆಸರನ್ನೇ ಬಳಸಿ, ನಿಮ್ಮ ಹಣ ಅಕ್ರಮವೆಂದು ತಡೆಯಲ್ಪಟ್ಟಿದೆ, ದಂಡ ಕಟ್ಟಿ ಬಿಡಿಸಿಕೊಳ್ಳಿ ಎಂದು ಬೆದರಿಸಿದ್ದುಂಟು!

ನಮ್ಮ ದೇಶದಲ್ಲಿ ಇದಕ್ಕೆ ಫಲವತ್ತಾದ ನೆಲವಿದೆ. ರಜೆಯ ಕೋಣೆಗಳ ಹೆಸರಿನಲ್ಲಿ ಜನರಿಂದ ಹಣ ಸಂಗ್ರಹಿಸಿದ ಮುಂಬೈಯ ಪ್ಯಾನ್‌ಕಾರ್ಡ್ ಕ್ಲಬ್ಸ್ ಕಂಪೆನಿಗೆ, ಸುಮಾರು 50 ಲಕ್ಷ ಮಂದಿಗೆ ಸೇರಿದ 7,000 ಕೋಟಿ ರೂಪಾಯಿಗೂ ಹೆಚ್ಚು ಹಣವನ್ನು ಹಿಂದಿರುಗಿಸಬೇಕೆಂದು ಸೆಬಿ 2016ರಲ್ಲಿ ಆದೇಶಿಸಿತು. ಕೋಣೆ ಬಳಸಲು ಕೊಂಡವರಿಗಿಂತ ಲಾಭದ ಆಸೆಯಿಂದ ಹಾಕಿದವರೇ ಅದರಲ್ಲಿ ಹೆಚ್ಚು. ಅದೇ ವರ್ಷ ಭೂಮಿಯ ಹೆಸರಿನಲ್ಲಿ ಹಣ ಎತ್ತಿದ್ದ ಪಿಎಸಿಎಲ್ ಕಂಪೆನಿಯ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ನ್ಯಾಯಮೂರ್ತಿ ಲೋಧಾ ಅವರ ಸಮಿತಿ ರಚನೆಯಾಯಿತು. ಆ ಸಮಿತಿ ಜನರಿಗೆ ನೀಡಿದ ಸೂಚನೆಗಳಲ್ಲೊಂದು, ಮೂಲ ದಾಖಲೆಗಳನ್ನು ಯಾರ ಕೈಗೂ ಕೊಡಬೇಡಿ ಎಂಬುದು. ಮರುಪಾವತಿ ಎಂಬ ಶಬ್ದ ಕೇಳಿದೊಡನೆ ಮಧ್ಯವರ್ತಿಗಳು ಹುಟ್ಟಿಕೊಳ್ಳುತ್ತಾರೆಂಬುದನ್ನು ಸಮಿತಿ ಬಲ್ಲದಾಗಿತ್ತು.

ಬೆಂಗಳೂರಿನ ಐಎಂಎ ಸಂಸ್ಥೆ 2019ರ ಜೂನ್‌ನಲ್ಲಿ ಕುಸಿದಾಗ ನಮ್ಮ ಸಮುದಾಯದ ಸಾವಿರಾರು ಕುಟುಂಬಗಳ ಉಳಿತಾಯ ಕರಗಿಹೋಯಿತು. ಬಡ್ಡಿರಹಿತ, ಹಲಾಲ್ ಎಂಬ ಹೆಸರು ಕೇಳಿಯೇ ಹೆಚ್ಚಿನವರು ಹಣ ಹಾಕಿದ್ದರು. ಅದು ಟೈಮ್‌ಶೇರ್ ಅಲ್ಲ. ಆದರೆ ಅಲ್ಲಿ ಕಳೆದುಕೊಂಡವರು ಇಲ್ಲಿ ಹೇಳಿದ್ದನ್ನು ಎರಡು ಬಾರಿ ಓದಬೇಕು. ಸರಕಾರ ನೇಮಿಸಿದ ಅಧಿಕಾರಿಯ ಮೂಲಕ ಬರುವ ಮರುಪಾವತಿಗೆ ಫೋನಿನಲ್ಲಿ ಯಾರೂ ಶುಲ್ಕ ಕೇಳುವುದಿಲ್ಲ. ಕೇಳಿದವನು ಸಲಾಂ ಹೇಳಿ ಮಾತು ಆರಂಭಿಸಿದರೂ, ಉರ್ದುವಿನಲ್ಲಿ ಹದೀಸ್ ಹೇಳಿದರೂ ವಂಚಕನೇ. ನಮ್ಮವನೆಂಬ ವಿಶ್ವಾಸವನ್ನು ಬಂಡವಾಳ ಮಾಡಿಕೊಳ್ಳುವವನು ಪರರಿಗಿಂತ ಹೆಚ್ಚು ಅಪಾಯಕಾರಿ.

ಹಳೆಯ ಪೇಟೆಯ ನಿಯಮಗಳು

ಪ್ರವಾದಿ(ಸ)ರ ಕಾಲದ ಪೇಟೆಯಲ್ಲಿ ಒಂದು ದುಷ್ಟ ಚಾಳಿಯಿತ್ತು. ಕೊಳ್ಳುವ ಉದ್ದೇಶವೇ ಇಲ್ಲದವನು ಬಂದು ಸುಮ್ಮನೆ ಬೆಲೆ ಏರಿಸಿ ಕೇಳುವುದು. ಅದನ್ನು ನಂಬಿ ನಿಜವಾದ ಗಿರಾಕಿ ಮೋಸ ಹೋಗುತ್ತಿದ್ದ. ಇದಕ್ಕೆ 'ನಜ್‌ಶ್' ಎನ್ನುತ್ತಾರೆ. ಪ್ರವಾದಿ(ಸ)ರು ಇದನ್ನು ನಿಷೇಧಿಸಿದರೆಂದು ಬುಖಾರಿ, ಮುಸ್ಲಿಮ್ ಎರಡರಲ್ಲೂ ವರದಿಯಾಗಿದೆ. ಟೈಮ್‌ಶೇರ್ ವಂಚಕನು ತೋರಿಸುವ ಗಿರಾಕಿಯೂ ಇಂತಹ ಸುಳ್ಳು ಗಿರಾಕಿಯೇ. ಒಂದೇ ವ್ಯತ್ಯಾಸ, ಅಂದು ಸುಳ್ಳು ಗಿರಾಕಿಯಿಂದ ಕೊಳ್ಳುವವನು ಮೋಸ ಹೋಗುತ್ತಿದ್ದ, ಇಂದು ಮಾರುವವನು.

ಇನ್ನೊಂದು ವರದಿ ನನಗೆ ಬಹಳ ಪ್ರಿಯವಾದುದು. ವ್ಯಾಪಾರದಲ್ಲಿ ಪದೇ ಪದೇ ಮೋಸ ಹೋಗುತ್ತಿದ್ದ ಒಬ್ಬ ಸಹಾಬಿ ಇದ್ದರು. ಹಬ್ಬಾನ್ ಬಿನ್ ಮುನ್‌ಕಿದ್(ರ) ಎಂದು ಕೆಲವು ವರದಿಗಳಲ್ಲಿ ಅವರ ಹೆಸರಿದೆ. ತಲೆಗೆ ಬಿದ್ದ ಹಳೆಯ ಪೆಟ್ಟಿನಿಂದ ಅವರ ಮಾತಿಗೂ ಗ್ರಹಿಕೆಗೂ ಕುಂದು ಬಂದಿತ್ತು. ಇವರಿಗೆ ವ್ಯಾಪಾರ ಮಾಡದಂತೆ ತಡೆ ಹಾಕಬೇಕೆಂದು ಮನೆಯವರು ಬಯಸಿದರು. ಪ್ರವಾದಿ(ಸ)ರು ಅವರನ್ನು ಗದರಿಸಲಿಲ್ಲ, ದಡ್ಡರೆಂದು ಹಳಿಯಲೂ ಇಲ್ಲ. ಮೋಸವಿರಕೂಡದೆಂಬ ಷರತ್ತನ್ನು ವ್ಯಾಪಾರದ ವೇಳೆ ಬಾಯಿಬಿಟ್ಟು ಹೇಳುವಂತೆ ಕಲಿಸಿದರು. ಕೊಂಡದ್ದನ್ನು ಮೂರು ದಿನಗಳೊಳಗೆ ಮರಳಿಸುವ ಆಯ್ಕೆಯನ್ನೂ ಕೊಟ್ಟರು. ಇಂದು ಯುರೋಪಿನ ಟೈಮ್‌ಶೇರ್ ಕಾನೂನು ಕೊಂಡವನಿಗೆ 14 ದಿನಗಳ ವಾಪಸಾತಿ ಹಕ್ಕು ನೀಡುತ್ತದೆ. ಆ ಅವಧಿಯಲ್ಲಿ ಮುಂಗಡ ಪಡೆಯುವುದನ್ನೂ ನಿಷೇಧಿಸುತ್ತದೆ. ನಮ್ಮಲ್ಲಿ ಕೆಲವು ಕಂಪೆನಿಗಳ ಒಪ್ಪಂದದಲ್ಲೂ ಇಷ್ಟು ದಿನಗಳೊಳಗೆ ರದ್ದುಪಡಿಸಬಹುದೆಂಬ ಕಲಮು ಇರುತ್ತದೆ. ಆದರೆ ಅದು ಎಷ್ಟನೆಯ ಪುಟದಲ್ಲಿದೆ ಎಂದು ಯಾರೂ ತೋರಿಸುವುದಿಲ್ಲ. ಸಹಿ ಹಾಕಿದ ಆ ರಾತ್ರಿಯೇ ಹುಡುಕಬೇಕು.

ಹಬ್ಬಾನ್(ರ)ರ ಪ್ರಸಂಗದಲ್ಲಿ ಮನೆಯವರಿಗೂ ಪಾಠವಿದೆ. ಮೋಸ ಹೋದ ಹಿರಿಯರನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆ? 'ಇಷ್ಟೂ ತಿಳಿಯಲಿಲ್ಲವೇ ಬಾಪಾ ನಿಮಗೆ' ಎಂದು ಮಗ ಒಮ್ಮೆ ಹಂಗಿಸಿದರೆ ಸಾಕು, ಮುಂದಿನ ಕರೆ ಬಂದಾಗ ಆ ತಂದೆ ಯಾರಿಗೂ ಹೇಳುವುದಿಲ್ಲ. ವಂಚಕನಿಗೆ ಬೇಕಾದುದೂ ಅದೇ. 'ಈ ವಿಚಾರ ಮನೆಯಲ್ಲಿ ಹೇಳಬೇಡಿ, ಹಣ ಬಂದ ಮೇಲೆ ಅಚ್ಚರಿಪಡಿಸಿ' ಎಂದು ಅವನು ಕಲಿಸುತ್ತಾನೆ. ನಾಚಿಕೆಯ ಗೋಡೆಯನ್ನು ನಾವೇ ಕಟ್ಟಿಕೊಟ್ಟರೆ ಅವನ ಕೆಲಸ ಸುಲಭವಾಗುತ್ತದೆ. ನಾನು ಗಮನಿಸಿದಂತೆ ಇಂತಹ ಕರೆಗಳ ಬಗ್ಗೆ ಮೊದಲು ಸಂಶಯ ಪಡುವವರು ಮನೆಯ ಹೆಂಗಸರು. ಅವರಿಗೆ ತಿಳಿದಿದ್ದರೆ ಅರ್ಧಕ್ಕರ್ಧ ಹಣ ಉಳಿಯುತ್ತಿತ್ತು. ಆದರೆ ಅವರಿಗೆ ತಿಳಿಯುವುದು ಕೊನೆಯಲ್ಲಿ.

ಸಂಶಯಾಸ್ಪದ ವ್ಯಕ್ತಿ ಸುದ್ದಿ ತಂದಾಗ ಪರಿಶೀಲಿಸಬೇಕೆಂದು ಕುರ್‌ಆನಿನ ಅಲ್‌ಹುಜುರಾತ್ ಅಧ್ಯಾಯದಲ್ಲಿ ಆಜ್ಞೆಯಿದೆ. ಪರಿಶೀಲನೆ ಎಂದರೆ ಫೋನು ಮಾಡಿದವನನ್ನೇ 'ನೀವು ನಿಜವೇ?' ಎಂದು ಕೇಳುವುದಲ್ಲ. ಅವನು ಕೊಟ್ಟ ಸಂಖ್ಯೆಗೆ ಮರಳಿ ಫೋನು ಮಾಡುವುದೂ ಅಲ್ಲ. ಅವನು ಹೇಳಿದ ದಾರಿಯನ್ನು ಬಿಟ್ಟು ಬೇರೆ ದಾರಿಯಿಂದ ಹೋಗಿ ವಿಚಾರಿಸುವುದು.

ಏನು ಮಾಡಬೇಕು?

ಸದಸ್ಯತ್ವದಿಂದ ಹೊರಬರಲು ಬಯಸುವವರು ಮೊದಲು ತಮ್ಮ ಮೂಲ ಒಪ್ಪಂದಪತ್ರವನ್ನು ತೆಗೆದು ಓದಬೇಕು, ಓದಲಾಗದಿದ್ದರೆ ಓದಿಸಬೇಕು. ಅದರಲ್ಲಿರುವ ವಿಳಾಸಕ್ಕೆ, ಅದರಲ್ಲಿರುವ ಸಂಖ್ಯೆಗೆ ನೀವಾಗಿಯೇ ಸಂಪರ್ಕಿಸಿ ಮೂರು ವಿಷಯ ಕೇಳಬೇಕು. ಸದಸ್ಯತ್ವ ಮರಳಿಸಬಹುದೇ? ಬೇರೊಬ್ಬರ ಹೆಸರಿಗೆ ವರ್ಗಾಯಿಸಬಹುದೇ? ಶುಲ್ಕ ಎಷ್ಟು? ಉತ್ತರವನ್ನು ಬರಹದಲ್ಲೇ ಪಡೆಯಬೇಕು. ಸಾಲದ ವ್ಯವಹಾರವನ್ನು ಬರೆದಿಡಬೇಕೆಂಬ ಅಲ್‌ಬಕರ ಅಧ್ಯಾಯದ 282ನೇ ಸೂಕ್ತವು ಕುರ್‌ಆನಿನಲ್ಲೇ ಅತ್ಯಂತ ದೀರ್ಘವಾದುದು. ಬಾಯಿಮಾತಿಗೆ ಒಪ್ಪುವ ನಮ್ಮ ಅಭ್ಯಾಸಕ್ಕೆ ಅದೊಂದೇ ಸಾಕಷ್ಟು ಉತ್ತರ. ಹೆಸರು ವರ್ಗಾಯಿಸಲು ಸಾಧ್ಯವಿದ್ದರೆ ಬಳಸಬಲ್ಲ ಸಂಬಂಧಿಕರಿಗೆ ಕೊಟ್ಟುಬಿಡುವುದು ಎಷ್ಟೋ ಮೇಲು. ಆದರೆ ವಾರ್ಷಿಕ ಶುಲ್ಕದ ವಿಚಾರವನ್ನು ಅವರಿಂದ ಮುಚ್ಚಿಡಬಾರದು. ನಾವು ಸಿಕ್ಕಿದ ಬಲೆಯನ್ನು ನಗುತ್ತಾ ಇನ್ನೊಬ್ಬರ ಮೇಲೆ ಎಸೆಯುವುದೂ ಮೋಸವೇ. ಕಂಪೆನಿಯೇ ಮಾತಿಗೆ ತಪ್ಪಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಹೂಡಬಹುದು, ವಕೀಲರನ್ನಿಡಲೇಬೇಕೆಂಬ ಕಡ್ಡಾಯವಿಲ್ಲ.

ವಂಚಕರಿಗೆ ಈಗಾಗಲೇ ಹಣ ಹೋಗಿದ್ದರೆ ಆ ಕೂಡಲೇ 1930ಕ್ಕೆ ಫೋನು ಮಾಡಬೇಕು. ಅದು ಸೈಬರ್ ವಂಚನೆಗಾಗಿ ಕೇಂದ್ರ ಗೃಹ ಇಲಾಖೆ ನಡೆಸುವ ಸಹಾಯವಾಣಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮುನ್ನ ತಡೆಯುವುದು ಅದರ ಉದ್ದೇಶ. ಆದುದರಿಂದ ಅಲ್ಲಿ ಗಂಟೆಗಳ ಲೆಕ್ಕ, ದಿನಗಳದ್ದಲ್ಲ. ಯಾರನ್ನು ಕೇಳೋಣ, ಜನ ಏನೆನ್ನುತ್ತಾರೆ ಎಂದು ಒಂದು ರಾತ್ರಿ ಯೋಚಿಸಿದರೂ ತಡವಾಗುತ್ತದೆ. ಬ್ಯಾಂಕಿಗೂ ತಿಳಿಸಬೇಕು. ದುಬೈಯಲ್ಲಿರುವವರು ಅಲ್ಲಿನ ಪೊಲೀಸರ 901ಕ್ಕೆ ಕರೆ ಮಾಡಬಹುದು. ಹಣ ಕಳಿಸಿದ ರಶೀದಿ, ವಾಟ್ಸಾಪ್ ಮಾತುಕತೆ, ಕರೆ ಬಂದ ಸಂಖ್ಯೆ, ಅವರು ಕಳಿಸಿದ ಕಾಗದಗಳು, ಇವುಗಳಲ್ಲಿ ಯಾವುದನ್ನೂ ಸಿಟ್ಟಿನಿಂದಲೋ ನಾಚಿಕೆಯಿಂದಲೋ ಅಳಿಸಿಹಾಕಬಾರದು. ದೂರಿಗೆ ಅವುಗಳೇ ಆಧಾರ. ಪೊಲೀಸ್ ಠಾಣೆಯಲ್ಲಿ ಕೊಟ್ಟ ದೂರಿನ ಪ್ರತಿಯನ್ನು ಕೇಳಿ ಪಡೆದುಕೊಳ್ಳಬೇಕು. ಇನ್ನು ಗ್ರಾಹಕ ಆಯೋಗಕ್ಕೆ ಹೋಗುವವರಿಗೆ ತಕರಾರು ಹುಟ್ಟಿದ ದಿನದಿಂದ ಎರಡು ವರ್ಷಗಳ ಗಡುವಿದೆ. ಒಪ್ಪಂದಪತ್ರದ ಮೊದಲ ಪುಟದ ಮೇಲೆ ಆ ತಾರೀಕನ್ನು ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳಿ.